ಉಬ್ಬೆಯಲ್ಲಿ ಬಂದ ಕೆಂಪು

ಗುಬ್ಬಿ ಊರಿನಲ್ಲಿ ಶಾರದಳ ತವರುಮನೆಯ ಹಿತ್ತಲ ಗೋಡೆಯಾಚೆ ಅಗಸರ ನಾಲ್ಕು ಮನೆಗಳಿದ್ದವು. ವಾರಕ್ಕೆರಡು ಸಲ ಅಲ್ಲಿ ಉಬ್ಬೆ ಹಾಕುತ್ತಿದ್ದರು. ಚೌಳು ಮಣ್ಣಿನ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಹಂಡೆಯ ಮೇಲೆ ಗೋಪುರದಂತೆ ಪೇರಿಸಿ ಕೆಳಗೆ ತೆಂಗಿನ ಸೋಗೆ ಉರಿಸಿದರೆ ಸ್ವಲ್ಪ ಹೊತ್ತಿಗೆ ಆವಿ ಏಳುತ್ತಿತ್ತು. ಒದ್ದೆ ಮಣ್ಣು, ಬೂದಿ, ಬೆವರು, ಹಳೆಯ ಎಣ್ಣೆ, ಹೀಗೆ ಊರಿನ ಮೈಯೆಲ್ಲ ಒಟ್ಟಿಗೆ ಬೆಂದಂಥ ಆ ವಾಸನೆ ಗೋಡೆ ಹಾರಿ ಬಂದು ಅಡುಗೆಮನೆಯ ಒಗ್ಗರಣೆಯನ್ನೂ ಮೀರಿ ನಿಲ್ಲುತ್ತಿತ್ತು. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಶಾರದ ಮಾತ್ರ ಒರಳುಕಲ್ಲಿನ ಮೇಲೆ ಹತ್ತಿ ನಿಂತು ಆ ಆವಿಯನ್ನು ಎದೆ ತುಂಬ ಎಳೆದುಕೊಳ್ಳುತ್ತಿದ್ದಳು. ಇವತ್ತು, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ತುಮಕೂರಿನ ಅಗ್ರಹಾರದ ಈ ಹಿತ್ತಲಿನಲ್ಲಿ, ತಾನೇ ಹೊತ್ತಿಸಿದ ಒಲೆಯ ಮೇಲಿನ ಹಂಡೆಯಿಂದ ಅದೇ ವಾಸನೆ ಬಂದಾಗ ಅವಳಿಗೆ ಸಂತೋಷವಾಗಲಿಲ್ಲ. ಭಾನುವಾರ. ಮನೆಯಲ್ಲಿ ಯಾರೂ ಇಲ್ಲ. ಗಂಡ ಅನಂತರಾಮಯ್ಯ ಕಚೇರಿ ಕೆಲಸದ ಮೇಲೆ ಕುಣಿಗಲ್ಲಿಗೆ ಹೋದವರು ಮಧ್ಯಾಹ್ನದ ಬಸ್ಸಿಗೆ ಬರಬೇಕು. ಅತ್ತೆ ಕೌಸಲ್ಯಮ್ಮ ತಮ್ಮ ಮಗಳು ಸುಬ್ಬಲಕ್ಷ್ಮಿಯನ್ನು ಕರೆದುಕೊಂಡು ದೇವಸ್ಥಾನಕ್ಕೆ ಪುರಾಣ ಕೇಳಲು ಹೋಗಿದ್ದಾರೆ. ಮೂರು ವಾರದಿಂದ ಮನೆಯವರೆಲ್ಲರ ಬಟ್ಟೆಯನ್ನು ಸುಬ್ಬುವೇ ತಣ್ಣೀರಿನಲ್ಲಿ ಸೀಗೆಪುಡಿ ಹಾಕಿ ಒಗೆಯುತ್ತಿದ್ದಳು. ಪಾಪ, ಒಂದು ದಿನವಾದರೂ ಬಿಡುವಾಗಲಿ ಎಂದು ಶಾರದ ಬಿಳಿಯ ಬಟ್ಟೆಗಳ ಗಂಟನ್ನು ಬಿಚ್ಚಿ, ಅಂಗಡಿಯಿಂದ ತಂದ ಬಟ್ಟೆ ಸೋಡ ಹಾಕಿ, ಕುದಿಯಲು ಇಟ್ಟಿದ್ದಳು.

ಅಗಸರ ಚಿಕ್ಕಗಂಗಮ್ಮ ಬಟ್ಟೆಗೆ ಬರುತ್ತಿದ್ದಿದ್ದರೆ ಇದೆಲ್ಲ ಬೇಕಿರಲಿಲ್ಲ. ಆ ಹೆಸರು ಮನಸ್ಸಿಗೆ ಬಂದ ಕೂಡಲೇ ಶಾರದ ಕೋಲಿನಿಂದ ಬಟ್ಟೆಯನ್ನು ಇನ್ನಷ್ಟು ಜೋರಾಗಿ ಒತ್ತಿದಳು. ತಪ್ಪು ತನ್ನದಲ್ಲ. ಹೆಂಗಸು ತಾನೇ ಒಪ್ಪಿಕೊಂಡಳಲ್ಲ. ಒಪ್ಪಿಕೊಂಡಳು ನಿಜ, ಆದರೆ ಒಪ್ಪಿಕೊಳ್ಳುವಾಗ ಅವಳು ನೋಡಿದ್ದು ಎತ್ತ? ಮೊದಲನೆಯ ಕಲೆ ಬಂದದ್ದು ಗಂಡನ ಅಂಗಿಯ ಕಾಲರಿನ ಕೆಳಗೆ, ಇಟ್ಟಿಗೆಪುಡಿ ಸವರಿದ ಹಾಗೆ. ಕಚೇರಿಯಲ್ಲಿ ಯಾರೋ “ಏನ್ ಸಾರ್, ಬೀಗರ ಮನೇಲಿ ಓಕುಳಿನಾ?” ಎಂದರಂತೆ. ಮನೆಗೆ ಬಂದು ಅಂಗಿಯನ್ನು ಬಿಚ್ಚಿ ಶಾರದಳ ಮುಖದ ಮುಂದೆ ಹಿಡಿದರು. ಆಮೇಲೆ ದುಪ್ಪಟಿಯ ಮೇಲೆ, ಆಮೇಲೆ ಅವಳದೇ ಬಿಳಿ ವಾಯಿಲ್ ಸೀರೆಯ ಮೇಲೆ. ಕಲೆ ಗಮನಿಸದೆ ಅದನ್ನು ಉಟ್ಟು ಶಾಲೆಗೆ ಹೋದ ದಿನ ಬೋರ್ಡಿಗೆ ತಿರುಗಿ ಭಿನ್ನರಾಶಿ ಬರೆಯುತ್ತಿದ್ದಾಗ ಹಿಂದೆ ಹುಡುಗಿಯರು ಕಿಸಕ್ಕನೆ ನಕ್ಕರು. ಬಾಗಿಲಲ್ಲಿ ಹೋಗುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಕೆಮ್ಮಿ ಮುಖ ತಿರುಗಿಸಿಕೊಂಡರು. ಹೆಡ್‌ಮಿಸ್ಟ್ರೆಸ್ ಹತ್ತಿರ ಬಂದು ತಮ್ಮ ಶಾಲನ್ನು ಅವಳ ಸೊಂಟಕ್ಕೆ ಸುತ್ತಿ, “ಮನೆಗೆ ಹೋಗಿ ಬನ್ನಿ ಶಾರದಮ್ಮ” ಎಂದರು. ಅದು ಆ ಕಲೆಯಲ್ಲ, ಮೂರು ದಿನದ ಕೆಲಸವಲ್ಲ ಎಂದು ಯಾರ ಹತ್ತಿರ ಹೇಳುವುದು? ಹೇಗೆ ಹೇಳುವುದು? ಶಾಲೆಯಿಂದ ಮನೆಯವರೆಗೆ ಆ ಶಾಲಿನ ಬಿಸಿ ಅವಳ ಸೊಂಟದಲ್ಲಿ ಕೆಂಡದ ಹಾಗಿತ್ತು. ಅದನ್ನು ಸುತ್ತಿದ ಕೈಯ ಮೃದುತ್ವ ನೆನಪಾದದ್ದು ಎಷ್ಟೋ ದಿನಗಳ ಮೇಲೆ.

ದಾರಿಯಲ್ಲೇ ಪಕ್ಕದ ಮನೆಯ ಅಲಮೇಲಮ್ಮ ಜಗಲಿಯ ಮೇಲೆ ಕೂತು ಹೂ ಕಟ್ಟುತ್ತಿದ್ದರು. ಶಾಲು ಸರಿಸಿ ಸೀರೆ ನೋಡಿದವರೇ, “ಇದು ಅರಿಶಿನ ಕುಂಕುಮದ ಕಲೆ ಕಣ್ರೀ. ಶಿರಾ ಗೇಟಿನಲ್ಲಿ ಹೋದ ವಾರ ಮದುವೆ ಇತ್ತಲ್ಲ? ನಿಮ್ಮ ಗಂಗಿ ನಿಮ್ಮ ಬಟ್ಟೇನೇ ನಡೆಮಡಿಗೆ ಹಾಸಿರ್ತಾಳೆ. ಹೆಣ್ಣು ಗಂಡು ಅದರ ಮೇಲೆ ನಡೆದು ಹೋಗಿದಾರೆ, ನೀವು ಅದನ್ನ ಉಟ್ಕೊಂಡಿದೀರಿ!” ಎಂದರು. ಮದುವೆಯ ದಿಬ್ಬಣದ ಕಾಲ ಕೆಳಗೆ ಮಡಿಬಟ್ಟೆ ಹಾಸುವುದು ಅಗಸರ ಹಕ್ಕು. ಅದಕ್ಕೆ ಯಾರ ಮನೆಯ ಬಟ್ಟೆ ಬೇಕಾದರೂ ಬಳಸುತ್ತಾರೆಂಬುದು ಬೀದಿಯ ಹಳೆಯ ದೂರು. ಶಾರದಳಿಗೆ ಅದೊಂದು ಹೊತ್ತಿಗೆ ಒದಗಿದ ಬೆಳಕಿನಂತೆ ಕಂಡಿತು. ಕಾರಣ ಸಿಕ್ಕಿತು. ಅವಮಾನಕ್ಕೆ ಒಂದು ಹೆಸರು ಸಿಕ್ಕಿತು.

ಸಂಜೆ ಚಿಕ್ಕಗಂಗಮ್ಮ ಗಂಟು ಹೊತ್ತು ಬಂದಾಗ ಅನಂತರಾಮಯ್ಯನವರು ಅವಳನ್ನು ಅಂಗಳಕ್ಕೂ ಬಿಡದೆ ಬೀದಿಯಲ್ಲೇ ನಿಲ್ಲಿಸಿದರು. ಐವತ್ತು ದಾಟಿದ ಹೆಂಗಸು. ಜ್ವರದಿಂದ ಎದ್ದು ಎರಡು ದಿನವಾಗಿತ್ತು, ಕಣ್ಣು ಗುಳಿಬಿದ್ದಿತ್ತು. ಶಾರದಳೇ ಮುಂದೆ ಬಂದು ಸೀರೆಯನ್ನು ಅವಳ ಮುಂದೆ ಬಿಡಿಸಿ ಹಿಡಿದಿದ್ದಳು.

“ಇದೇನು ಗಂಗಮ್ಮ?”

“ಕಲೆ ಕಣವ್ವಾ.”

“ಕಲೆ ಅಂತ ನಂಗೂ ಕಾಣುತ್ತೆ. ಎಲ್ಲಿಂದ ಬಂತು? ನಡೆಮಡಿಗೆ ಹಾಸಿದ್ಯೋ ಇಲ್ವೋ, ಅಷ್ಟು ಹೇಳು.”

ಚಿಕ್ಕಗಂಗಮ್ಮ ಬಾಯಿ ತೆರೆದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು, ಅದು ಶಾರದಳಿಗೆ ಚೆನ್ನಾಗಿ ನೆನಪಿದೆ. ಅಷ್ಟರಲ್ಲಿ ಅವಳ ಕಣ್ಣು ಶಾರದಳ ಹೆಗಲ ಮೇಲಿಂದ ಹಾಯ್ದು ನಡುಮನೆಯ ಬಾಗಿಲಿಗೆ ಹೋಯಿತು. ಅಲ್ಲಿ ಸುಬ್ಬು ಕಂಬ ಹಿಡಿದು ನಿಂತಿದ್ದಳು. ಅವಳ ಹಿಂದೆ ಅತ್ತೆ.

“ಹೂಂ ಕಣವ್ವ. ಹಾಸಿದ್ದೆ” ಎಂದಳು ಚಿಕ್ಕಗಂಗಮ್ಮ.

“ಇನ್ನೊಂದು ಸಲ ಗಟ್ಟಿಯಾಗಿ ಹೇಳೇ, ಬೀದಿಗೆಲ್ಲ ಕೇಳಲಿ” ಎಂದರು ಅನಂತರಾಮಯ್ಯ.

ಅವಳು ಗಟ್ಟಿಯಾಗಿಯೇ ಹೇಳಿದಳು. ಒಳಗಿನಿಂದ ಅತ್ತೆ, “ಬಿಟ್ಟುಬಿಡೋ ಅನಂತು, ಹೋಗಲಿ” ಎಂದರು. ಆ ದನಿಯಲ್ಲಿದ್ದದ್ದು ಅಸಹ್ಯವೆಂದು ಶಾರದ ತಿಳಿದಿದ್ದಳು. ಆ ವಾರವೇ ಬೀದಿಯ ಆರು ಮನೆಯವರು ಚಿಕ್ಕಗಂಗಮ್ಮನಿಗೆ ಬಟ್ಟೆ ಹಾಕುವುದನ್ನು ನಿಲ್ಲಿಸಿದರು.

ಹಂಡೆಯಲ್ಲಿ ನೀರು ಉಕ್ಕಿ ಬಂದ ಸದ್ದಿಗೆ ಶಾರದ ಬಗ್ಗಿ ನೋಡಿದಳು. ನೀರು ಕೆಂಪಗಿತ್ತು. ತಿಳಿಗೆಂಪಲ್ಲ, ಯಾರೋ ಒಳಗೆ ಏನನ್ನೋ ಕುಯ್ದ ಹಾಗೆ. ಬಿಳಿಯ ಪಂಚೆಯೊಂದು ಗುಳ್ಳೆ ಕಟ್ಟಿ ಮೇಲಕ್ಕೆ ಎದ್ದಿತು, ಅದರ ಹೊಟ್ಟೆಯ ತುಂಬ ಕೆಂಪು. ಅವಳ ಕೈಯಿಂದ ಕೋಲು ಜಾರಿತು. ಅವಳು ಹಿಂದೆ ಸರಿದು, ತನ್ನ ಕೈಗಳನ್ನು ನೋಡಿಕೊಂಡು, ಎಲ್ಲಾದರೂ ಗಾಯವಾಗಿದೆಯೇ ಎಂದು ಮೊಣಕೈತನಕ ತಡವಿಕೊಂಡಳು. ಇಲ್ಲ. ಹಿತ್ತಲಲ್ಲಿ ಬೇರೆ ಯಾರೂ ಇಲ್ಲ. ಚಿಕ್ಕಗಂಗಮ್ಮ ಈ ಬಟ್ಟೆಗಳನ್ನು ಮುಟ್ಟಿ ಮೂರು ವಾರವಾಯಿತು. ಯಾವ ಮದುವೆಯ ಕಾಲೂ ಇವುಗಳ ಮೇಲೆ ಹಾಯ್ದಿಲ್ಲ. ಹಾಗಾದರೆ? ಆ ‘ಹಾಗಾದರೆ’ಯನ್ನು ಮುಂದಕ್ಕೆ ತಳ್ಳಲು ಅವಳಿಗೆ ಧೈರ್ಯ ಬರಲಿಲ್ಲ. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಪ್ರಯೋಗಶಾಲೆಯ ಉದ್ದ ಮೇಜಿನ ಮುಂದೆ ಹನ್ನೆರಡು ಹುಡುಗಿಯರು ನಿಂತಿದ್ದರು. ಒಂದೊಂದು ಗಾಜಿನ ಬಟ್ಟಲಿನಲ್ಲಿ ಸುಣ್ಣದ ತಿಳಿ, ಕೈಯಲ್ಲೊಂದು ಹಳದಿ ಕಾಗದದ ಚೂರು. ಅದ್ದಿ ನೋಡಿ, ಎಂದರು ಮೇಡಂ. ಕಾಗದ ಕೆಂಪಾಯಿತು. ಹುಳಿ ತಾಗಿಸಿ, ಎಂದರು. ಮತ್ತೆ ಹಳದಿಯಾಯಿತು. ಅವಳ ರೆಕಾರ್ಡ್ ಪುಸ್ತಕಕ್ಕೆ ಹತ್ತಕ್ಕೆ ಹತ್ತು. ಆ ಕಾಗದಕ್ಕೆ ಏನು ಸವರಿತ್ತು?

ಅವಳು ಅಡುಗೆಮನೆಗೆ ಓಡಿ ಒಂದು ನಿಂಬೆಹಣ್ಣು ತಂದಳು. ಕೋಲಿನ ತುದಿಯಿಂದ ಪಂಚೆಯ ಅಂಚನ್ನು ಎತ್ತಿ ಕಲ್ಲಿನ ಮೇಲೆ ಹಾಕಿ, ಅದರ ಮೇಲೆ ನಿಂಬೆಹಣ್ಣು ಹಿಂಡಿದಳು. ಹನಿ ಬಿದ್ದಲ್ಲೆಲ್ಲ ಕೆಂಪು ಸತ್ತು ಹಳದಿ ಹುಟ್ಟಿತು. ಅರಿಶಿನ. ಬರೀ ಅರಿಶಿನ. ಸೋಡ ತಗುಲಿದರೆ ಕೆಂಪು, ಚೌಳು ತಗುಲಿದರೆ ಕೆಂಪು. ಇದು ಅವಳು ಬರೆದು ಅಂಕ ಪಡೆದ ಪಾಠ. ಅಲಮೇಲಮ್ಮನ ಬಾಯಿಂದ ಬಂದದ್ದನ್ನು ನಂಬುವ ಮೊದಲು ಇದೊಂದು ನೆನಪಾಗಬಾರದಿತ್ತೇ?

ಆದರೆ ಈ ಮನೆಯಲ್ಲಿ ಅರಿಶಿನ ಹಚ್ಚಿಕೊಳ್ಳುವವರು ಯಾರು? ಮುತ್ತೈದೆ ಎಂದರೆ ತಾನೊಬ್ಬಳೇ. ಅತ್ತೆ ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟು ಹತ್ತು ವರ್ಷವಾಯಿತು. ಸುಬ್ಬು ಗಂಡನನ್ನು ಕಳೆದುಕೊಂಡು ಕುಣಿಗಲ್ಲಿನ ಅತ್ತೆಮನೆಯಿಂದ ತಿರುಗಿ ಬಂದು ವರ್ಷವಾಗುತ್ತಾ ಬಂದಿತ್ತು. ಇಪ್ಪತ್ತೆರಡು ವರ್ಷದ ಹುಡುಗಿ. ಅವಳ ಕೂದಲನ್ನು ಇನ್ನೂ ಯಾಕೆ ಇಟ್ಟಿದ್ದೀರಿ ಎಂದು ಕುಣಿಗಲ್ಲಿನವರು ಎರಡು ಕಾಗದ ಬರೆದಿದ್ದರು. “ವರ್ಷ ತುಂಬಲಿ ಕಣೋ” ಎಂದು ಅತ್ತೆ ಮಗನನ್ನು ತಡೆದಿದ್ದರು. ಪ್ರತಿ ಶುಕ್ರವಾರ ಅತ್ತೆ ಸೊಸೆಗೆಂದು ಅರಿಶಿನದ ಕೊಂಬು ತೇಯ್ದು ಬಚ್ಚಲ ಗೂಡಿನಲ್ಲಿ ಬಟ್ಟಲು ಇಡುತ್ತಿದ್ದರು. ಶಾರದ ಅದನ್ನು ಮುಟ್ಟಿದವಳಲ್ಲ. ಸೋಪು ಹಚ್ಚಿ ಸ್ನಾನ ಮಾಡಿ ಎಂಟೂವರೆಗೆ ಶಾಲೆಗೆ ಓಡುವವಳು. ಸಂಜೆ ಬಂದಾಗ ಬಟ್ಟಲು ಬರಿದಾಗಿರುತ್ತಿತ್ತು. ಅತ್ತೆ ಚೆಲ್ಲಿರಬೇಕು, ಮನಸ್ಸಿನಲ್ಲಿ ಬೈದುಕೊಂಡಿರಬೇಕು ಎಂದುಕೊಂಡಿದ್ದಳು.

ಸುಬ್ಬುವಿನ ರವಿಕೆಯೊಂದು ಹಂಡೆಯಲ್ಲೇ ಬೆಂದಿತ್ತು; ಇನ್ನೂ ಹಾಕದ ಬಟ್ಟೆಗಳ ರಾಶಿಯಲ್ಲಿ ಅವಳ ಇನ್ನೊಂದು ಬಿಳಿ ರವಿಕೆ ಇತ್ತು. ಶಾರದ ಅದನ್ನು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಿಡಿದಳು. ಮುಂಭಾಗ ಬೆಳ್ಳಗಿತ್ತು. ತೋಳು ಬೆಳ್ಳಗಿತ್ತು. ಬೆನ್ನಿನಲ್ಲಿ, ಎರಡು ಹೆಗಲುಗಳ ನಡುವೆ, ನೋಡಿದರೆ ಉಂಟು ನೋಡದಿದ್ದರೆ ಇಲ್ಲ ಎನ್ನುವಷ್ಟು ತೆಳ್ಳಗೆ, ಹಳದಿ. ಅವಳು ತನ್ನ ಕೈಯನ್ನು ತನಗೆ ಗೊತ್ತಿಲ್ಲದೆಯೇ ಹಿಂದಕ್ಕೆ ಬಾಗಿಸಿ ತನ್ನ ಬೆನ್ನಿನ ಆ ಜಾಗವನ್ನು ಮುಟ್ಟಲು ನೋಡಿದಳು. ಬೆರಳು ಅಲ್ಲಿಗೆ ತಲುಪಲಿಲ್ಲ. ಯಾರ ಕೈಯೂ ತಮ್ಮ ಬೆನ್ನಿನಲ್ಲಿ ಅಲ್ಲಿಗೆ ತಲುಪುವುದಿಲ್ಲ. ಶಾರದ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ಮುಖಕ್ಕೆ ಹಚ್ಚಿದರೆ ಕಾಣುತ್ತದೆ. ಕೈಕಾಲಿಗೆ ಹಚ್ಚಿದರೆ ಕಾಣುತ್ತದೆ. ಬೆನ್ನು ಯಾರಿಗೆ ಕಾಣಬೇಕು? ‘ಸುಬ್ಬುಗೆ ಉಷ್ಣ, ನೆತ್ತಿಗೆ ಎಣ್ಣೆ ಒತ್ತಬೇಕು’ ಎಂದು ಹೇಳಿ ಶುಕ್ರವಾರ ಬಚ್ಚಲಿನ ಅಗುಳಿ ಹಾಕಿಕೊಳ್ಳುತ್ತಿದ್ದ ಅತ್ತೆ. ಸೌತೆಕಾಯಿ ಹೆಚ್ಚುವುದರಲ್ಲೂ ಶಾಸ್ತ್ರ ಹುಡುಕುವ, ಸೊಸೆ ಮುಟ್ಟಿದ ಕೊಡದ ನೀರನ್ನು ಕೂಡ ಚೆಲ್ಲುವ ಅತ್ತೆ. ವಾರಕ್ಕೊಂದು ಸಲ ತಮ್ಮ ಮಗಳ ಬೆನ್ನಿಗೆ, ಲೋಕಕ್ಕೆ ಕಾಣದ ಒಂದು ಅಂಗೈಯಗಲ ಜಾಗಕ್ಕೆ, ಅರಿಶಿನ ಹಚ್ಚುತ್ತಿದ್ದರು. ಮತ್ತೆ ಅದೇ ಅತ್ತೆ ಚಿಕ್ಕಗಂಗಮ್ಮನನ್ನು ಬೀದಿಯಲ್ಲಿ ನಿಲ್ಲಿಸಿದಾಗ ಬಾಗಿಲ ಹಿಂದೆ ನಿಂತಿದ್ದರು. ಎರಡೂ ನಿಜ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು.

ಒಲೆಗೆ ನೀರು ಸುರಿದು, ಹಂಡೆಗೆ ಹುಣಿಸೆಹುಳಿ ಕಿವುಚಿ ಹಾಕಿ, ಬಾಗಿಲಿಗೆ ಚಿಲಕ ಹಾಕಿ, ಅವಳು ಶಿರಾ ಗೇಟಿನ ಕಡೆ ನಡೆದಳು. ತಲೆಯ ಮೇಲೆ ಸೆರಗು ಹೊದೆಯಲೂ ಮರೆತಿದ್ದಳು. ಲಾರಿಗಳ ಧೂಳಿನಲ್ಲಿ, ಸೈಕಲ್ ಅಂಗಡಿಗಳ ನಡುವೆ, ಈ ಬಿಸಿಲಲ್ಲಿ ಅಗ್ರಹಾರದ ಟೀಚರಮ್ಮ ಎಲ್ಲಿಗೆ ಹೊರಟರೆಂದು ಜನ ನೋಡುತ್ತಿದ್ದರು. ಚಿಕ್ಕಗಂಗಮ್ಮ ಗುಡಿಸಲ ಮುಂದೆ ಕೂತು ಹರಿದ ಹಚ್ಚಡಕ್ಕೆ ತೇಪೆ ಹಾಕುತ್ತಿದ್ದಳು. ತಲೆ ಎತ್ತಿ ನೋಡಿದಳು, ಏಳಲಿಲ್ಲ.

“ಏನ್ ಕಳೆದೋಯ್ತು ಅವ್ವಾರೆ ಇವತ್ತು? ಹುಡ್ಕಕ್ಕೆ ಬಂದ್ರಾ?”

“ನಂಗೆ ಗೊತ್ತಾಯ್ತು ಗಂಗಮ್ಮ. ಅರಿಶಿನ. ಸುಬ್ಬುವಿನ ರವಿಕೆ.”

ಸೂಜಿ ನಿಂತಿತು. ಚಿಕ್ಕಗಂಗಮ್ಮ ಸುತ್ತ ನೋಡಿ, “ಮೆಲ್ಲಗೆ ಕಣವ್ವ” ಎಂದಳು.

“ನಿಂಗೆ ಯಾವಾಗಿಂದ ಗೊತ್ತಿತ್ತು?”

“ಮೊದಲ್ನೇ ವಾರದಿಂದ್ಲೇ. ಬಟ್ಟೆ ನೆನೆಯಾಕ್ತಿದ್ದಂಗೆ ನಮ್ಗೆ ಗೊತ್ತಾಗ್ದಾ? ಯಾರು ಎಷ್ಟು ಬೆವರ್ತಾರೆ, ಯಾರು ಸೆರಗಿನಾಗೆ ಕಣ್ಣೊರೆಸ್ಕಂತಾರೆ, ಎಲ್ಲಾ ನಮ್ ಕೈಗೇ ಬರ್ತದೆ. ಒಂದು ವರ್ಷದಿಂದ ಆ ರವಿಕೆ ಬ್ಯಾರೆ ಇಕ್ಕಿ ಹುಣಿಸೆಹುಳೀಲಿ ತೆಗೀತಿದ್ದೆ. ನಂಗೆ ಜರ ಬಂದಾಗ ನನ್ ಸೊಸೆ ಎಲ್ಲಾನೂ ಒಂದೇ ಉಬ್ಬೆಗೆ ಹಾಕ್ಬುಟ್ಳು. ಆಯ್ತಲ್ಲ ರಂಪ.”

“ಇಲ್ಲ ಅನ್ನಬಹುದಿತ್ತಲ್ಲ ಗಂಗಮ್ಮ. ಹಾಸಿಲ್ಲ ಅಂತ.”

“ಅಂದಿದ್ರೆ ನೀವು ಸುಮ್ಕಿರ್ತಿದ್ರಾ? ನೀವು ಓದ್ದೋರು. ಹುಡುಕ್ತಾ ಹುಡುಕ್ತಾ ಬಚ್ಚಲಿಗೇ ಹೋಗ್ತಿದ್ರಿ. ಅಯ್ನೋರು ಮಾರನೇ ದಿನ್ವೇ ಆ ಮಗಿನ ತಲೆ ಬೋಳಿಸ್ತಿದ್ರು.” ಅವಳು ದಾರವನ್ನು ಹಲ್ಲಿನಿಂದ ಕಡಿದಳು. “ಅದ್ರ ಮದ್ವೇಲಿ ನಡೆಮಡಿ ಹಾಸ್ದೋಳು ನಾನು. ಎಂಟೇ ತಿಂಗ್ಳು ಬಾಳ್ವೆ. ನನ್ ಬಟ್ಟೆ ಮ್ಯಾಲೆ ಹೆಂಗ್ ಕಾಲಿಡ್ತು ಗೊತ್ತಾ, ಕೊಳೆ ಆದಾತು ಅಂತ ತುದಿಗಾಲಲ್ಲಿ! ಅಷ್ಟ್ ಜನದಾಗೆ ಅದೊಂದೇ ಹಂಗೆ ನಡೆದಿದ್ದು.”

ಶಾರದ ಅವಳ ಮುಂದೆ ನೆಲದ ಮೇಲೆ ಕೂತಳು. “ನಂದು ತಪ್ಪಾಯ್ತು” ಎಂದಳು.

“ಆಯ್ತು” ಎಂದಳು ಚಿಕ್ಕಗಂಗಮ್ಮ. ಇಲ್ಲ ಬುಡಿ ಎನ್ನಲಿಲ್ಲ. “ಆರು ಮನೆ ಹೋದ್ವು. ನಮ್ ಕೇರಿ ಮಕ್ಳೇ ಕಳ್ಳಗಂಗಿ ಅಂತ ಕರೀತವೆ. ಮೊನ್ನೆ ಒಂದ್ ಮದ್ವೇಲಿ ನಡೆಮಡಿ ಹಾಸಕ್ಕೆ ನನ್ನ ಕರೀಲಿಲ್ಲ, ಮೂಲೇಲಿ ಕೂತ್ಕಂಡು ನೋಡ್ದೆ. ಅದನ್ನ ಯಾರಿಗ್ ಹೇಳ್ಳಿ? ಆದ್ರೂ ಅವ್ವಾರೆ, ನಿಜ ಹೇಳಿ ಮಾತ್ರ ನನ್ನ ಕರ್ಸ್ಕಬ್ಯಾಡಿ. ಹಂಗಾದ್ರೆ ನಾನು ಬರಕಿಲ್ಲ.”

ಹಿಂತಿರುಗುವಾಗ ದಾರಿ ಕಾಣಿಸಲಿಲ್ಲ. ನಿಜ ಹೇಳಿದರೆ ಸುಬ್ಬು. ಹೇಳದಿದ್ದರೆ ಗಂಗಮ್ಮ. ಒಬ್ಬಳು ಸುಮ್ಮನಿದ್ದಷ್ಟು ದಿನ ಇನ್ನೊಬ್ಬಳು ಕಳ್ಳಿ. ಈ ಲೆಕ್ಕದಲ್ಲಿ ಮೂರನೆಯವಳು ಒಬ್ಬಳಿದ್ದಳು, ತಾನು; ಅವಳೊಬ್ಬಳೇ ಏನನ್ನೂ ಕಳೆದುಕೊಂಡಿರಲಿಲ್ಲ.

ಬೀದಿಗೆ ಬಂದಾಗ ಅಲಮೇಲಮ್ಮನ ಜಗಲಿಯ ಮೇಲೆ ನಾಲ್ಕು ಜನ ಹೆಂಗಸರು. ಪಕ್ಕದ ತಮ್ಮ ಜಗಲಿಯಲ್ಲಿ ಬಸ್ಸಿನಿಂದ ಇಳಿದು ಬಂದ ಅನಂತರಾಮಯ್ಯ, ಚೀಲ ಕೈಯಲ್ಲೇ ಇತ್ತು. ಚಿಲಕ ಹಾಕಿದ ಬಾಗಿಲ ಮುಂದೆ ನಿಂತು ಕೇಳಿದರು: “ಮನೆ ಬಿಟ್ಟು ಎಲ್ಲಿಗೆ ಹೋಗಿದ್ದೆ?”

“ಚಿಕ್ಕಗಂಗಮ್ಮನ ಮನೆಗೆ” ಎಂದಳು ಶಾರದ, ಬೀದಿಗೆಲ್ಲ ಕೇಳುವ ಹಾಗೆ. “ನಮ್ಮ ತಪ್ಪಾಯ್ತು ಅಂತ ಹೇಳಕ್ಕೆ. ಅವಳು ನಮ್ಮ ಬಟ್ಟೆ ಎಲ್ಲೂ ಹಾಸಿಲ್ಲ. ಇವತ್ತು ನಾನೇ ಕುದಿಸಿ ನೋಡಿದೆ. ಅರಿಶಿನಕ್ಕೆ ಸೋಡ ತಗುಲಿದ್ರೆ ಕೆಂಪಾಗುತ್ತೆ. ಆ ಅರಿಶಿನ ನಂದು. ನಾನು ಹಚ್ಚಿಕೊಂಡು ಒರೆಸಿಕೊಂಡ ಬಟ್ಟೆ ಗಂಟಿಗೆ ಹಾಕಿದೀನಿ.”

“ನೀವಾ?” ಅಲಮೇಲಮ್ಮ ಹೂವಿನ ದಾರ ಕೆಳಗಿಟ್ಟು ನಕ್ಕರು. “ಅಲ್ರೀ, ನೀವು ಸೋಪಿನ ಹುಡುಗಿ! ಮೈಗೆ ಅರಿಶಿನ ಹಚ್ಚೋ ಅಭ್ಯಾಸ ಯಾವಾಗ ಬಂತು ನಿಮಗೆ?”

ಬೀದಿಯ ತುದಿಯಿಂದ ಅತ್ತೆ ಮತ್ತು ಸುಬ್ಬು ಪುರಾಣ ಮುಗಿಸಿಕೊಂಡು ಬರುತ್ತಿದ್ದರು. ಮಾತು ಕಿವಿಗೆ ಬಿದ್ದಿರಬೇಕು, ಸುಬ್ಬುವಿನ ಕಾಲು ನಿಂತಿತ್ತು. ಅವಳ ಮುಖ ಸೀರೆಗಿಂತ ಬೆಳ್ಳಗಾಗಿತ್ತು.

“ಆರು ವರ್ಷ ಆಯ್ತಲ್ಲ ಮದುವೆಯಾಗಿ” ಎಂದಳು ಶಾರದ. ತನ್ನ ದನಿ ತನಗೇ ಬೇರೆ ಯಾರದೋ ಎನಿಸಿತು. “ಶುಕ್ರವಾರ ಬೆನ್ನಿಗೆ, ಸೊಂಟಕ್ಕೆ ಅರಿಶಿನ ಹಚ್ಚಿದ್ರೆ ಮಕ್ಕಳಾಗುತ್ತೆ ಅಂತ ಯಾರೋ ಹೇಳಿದ್ರು. ಹೇಳಿಕೊಳ್ಳೋಕೆ ನಾಚಿಕೆ ಆಯ್ತು. ಗಂಗಮ್ಮನ ಮೇಲೆ ಹಾಕಿದೆ.”

ಜಗಲಿಯಲ್ಲಿ ಯಾರೂ ನಗಲಿಲ್ಲ. ಅಲಮೇಲಮ್ಮ ‘ಅಯ್ಯೋ’ ಎಂದು ಬಾಯಿಗೆ ಸೆರಗು ಹಿಡಿದರು. ಆ ಕನಿಕರ, ಇನ್ನು ಮುಂದೆ ಪ್ರತಿ ಅರಿಶಿನ ಕುಂಕುಮದಲ್ಲಿ, ಪ್ರತಿ ತೊಟ್ಟಿಲ ಶಾಸ್ತ್ರದಲ್ಲಿ ತನ್ನ ಕಡೆ ತಿರುಗುವ ಆ ಕನಿಕರ ಹೇಗಿರುತ್ತದೆಂದು ಶಾರದಳಿಗೆ ಈಗಲೇ ಕಂಡಿತು. ಅನಂತರಾಮಯ್ಯನವರ ಕಿವಿ ಕೆಂಪಗಾಗಿತ್ತು.

“ಮತ್ತೆ ಅವಳು ಹೌದು ಅಂದಳಲ್ಲ?”

“ಬೀದೀಲಿ ನಿಲ್ಲಿಸಿ ಕೇಳಿದ್ರೆ ಯಾರು ಬೇಕಾದ್ರೂ ಹೌದು ಅಂತಾರೆ ರೀ.”

“ನಡಿ ಒಳಗೆ. ಮಾನ ಎಲ್ಲ ಬೀದೀಲಿ ಹರಾಜು ಹಾಕಿದ್ದು ಸಾಕು” ಎಂದು ಚಿಲಕ ತೆಗೆದು ಒಳಗೆ ಹೋದರು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ತಿರುಗದೆಯೇ, “ನಾಳೆ ಅವಳಿಗೆ ಹೇಳಿಕಳಿಸು, ಬರಲಿ” ಎಂದರು. ಅಲಮೇಲಮ್ಮನೂ ತಲೆ ತಗ್ಗಿಸಿಕೊಂಡು, “ನಮ್ಮನೆಗೂ ಬರಕ್ಕೆ ಹೇಳ್ರಮ್ಮ” ಎಂದರು.

ಶಾರದಳನ್ನು ದಾಟಿ ಹೋಗುವಾಗ ಅತ್ತೆಯ ಉಸಿರು ಏರಿಳಿಯುತ್ತಿದ್ದದ್ದು ಕೇಳಿಸಿತು. ಸುಬ್ಬು ಗೋಡೆ ಸವರಿಕೊಂಡು ಒಳಗೆ ಹೋದಳು. ಶಾರದ ಹಿತ್ತಲಿಗೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತಳು. ಹಂಡೆಯ ನೀರು ತಣ್ಣಗಾಗಿ ಮಂಕು ಹಳದಿಯಾಗಿತ್ತು. ಬೆಳಗಿನಿಂದ ಕಾಫಿಯೊಂದು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅಗಸರ ಕೇರಿಯಲ್ಲಿ ನೆಲದ ಮೇಲೆ ಕೂತು ಬಂದವಳು, ಸ್ನಾನ ಮಾಡದೆ ಒಳಗೆ ಹೋಗುವಂತಿಲ್ಲ. ಬಾವಿಯಿಂದ ನೀರು ಸೇದಲು ಶಕ್ತಿಯೂ ಇರಲಿಲ್ಲ. ಒಳಗೆ ಪಾತ್ರೆಯ ಸದ್ದಾಯಿತು, ಸೌಟಿನ ಸದ್ದಾಯಿತು.

ಹಿತ್ತಲ ಬಾಗಿಲಲ್ಲಿ ಕೌಸಲ್ಯಮ್ಮ ಬಂದು ನಿಂತರು. ಆಗತಾನೇ ಕೈಕಾಲು ತೊಳೆದು ಮಡಿ ಉಟ್ಟಿದ್ದರು. ಕೈಯಲ್ಲಿ ತಟ್ಟೆ. ಬಿಸಿ ಅನ್ನ, ಹುಳಿ, ಒಂದು ಹಪ್ಪಳ, ಅಂಚಿನಲ್ಲಿ ತುಪ್ಪ. ದೂರದಲ್ಲಿ ಇಟ್ಟು ಹೋಗುತ್ತಾರೆಂದು ಶಾರದ ಕಾದಳು. ಅವರು ಮೆಟ್ಟಿಲಿಳಿದು, ಒದ್ದೆ ನೆಲ ದಾಟಿ, ಅವಳ ಹತ್ತಿರಕ್ಕೇ ಬಂದರು. ತಟ್ಟೆಯನ್ನು ಅವರು ನೆಲಕ್ಕಿಡಲಿಲ್ಲ. ಅವಳ ಕೈಗೇ ಕೊಟ್ಟರು, ಬೆರಳಿಗೆ ಬೆರಳು ತಗುಲುವ ಹಾಗೆ.